ಅತ್ತೆಗೆ ಕಟ್ಟಿದ ಎರಡು ಫ್ಲೆಕ್ಸ್

ನಮ್ಮ ಅಂಗಡಿಯಲ್ಲಿ ಒಂದು ನಿಯಮವಿದೆ. ಫ್ಲೆಕ್ಸ್ ಪ್ರಿಂಟಿಗೆ ಹೋಗುವ ಮುಂಚೆ ಗಿರಾಕಿ ಕಂಪ್ಯೂಟರ್ ಮುಂದೆ ನಿಂತು ಅದರಲ್ಲಿರುವುದನ್ನೆಲ್ಲ ಗಟ್ಟಿಯಾಗಿ ಓದಬೇಕು. ಮದುವೆಯದಾಗಲಿ, ಹುಟ್ಟುಹಬ್ಬದ್ದಾಗಲಿ, ಸಾವಿನದಾಗಲಿ, ಓದದೆ ಪ್ರಿಂಟ್ ಇಲ್ಲ. ಓದಲು ಬಾರದವರಿದ್ದರೆ ಜೊತೆಗೆ ಬಂದವರು ಓದಬೇಕು. ಹಿಂದೊಮ್ಮೆ ಬದುಕಿದ್ದವರ ಹೆಸರು ಸತ್ತವರ ಫೋಟೋ ಕೆಳಗೆ ಬಂದು ದೊಡ್ಡ ಗಲಾಟೆಯಾದ ಮೇಲೆ ಅಂಗಡಿಯ ಯಜಮಾನರು ಮಾಡಿದ ನಿಯಮ ಇದು. ಕಣ್ಣಲ್ಲಿ ಓದಿದರೆ ತಪ್ಪು ಜಾರಿಹೋಗುತ್ತದೆ, ಬಾಯಲ್ಲಿ ಓದಿದರೆ ನಾಲಿಗೆಗೆ ಸಿಕ್ಕಿಕೊಳ್ಳುತ್ತದೆ ಎನ್ನುತ್ತಾರೆ ಅವರು.

ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಈ ಅಂಗಡಿಯಲ್ಲಿ ನಾನು ಟೈಪಿಂಗ್, ಡಿಸೈನ್ ಕೆಲಸ ಮಾಡುತ್ತೇನೆ. ನಾನಿರುವಷ್ಟು ಕಾಲದಲ್ಲಿ ಆ ನಿಯಮ ಒಂದೇ ಸಲ ತಪ್ಪಿತು. ನನ್ನ ಅತ್ತೆಯ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ.

ಅದಕ್ಕೆ ಮುಂಚೆ ಪುಸ್ತಕದ ವಿಷಯ ಹೇಳಬೇಕು. ಗಂಡ ತೀರಿಕೊಂಡ ಕೆಲವು ವರ್ಷಗಳ ಮೇಲೆ ನಾನು ನನ್ನ ಬದುಕಿನ ಬಗ್ಗೆ ಒಂದು ಪುಸ್ತಕ ಬರೆದೆ. ಗೌನಿಪಲ್ಲಿ ಕಡೆಯ ಹಳ್ಳಿಯೊಂದರ ತೋಟದ ಮನೆಗೆ ಸೊಸೆಯಾಗಿ ಹೋದವಳು ನಾನು. ಗಂಡ ಹೊಡೆಯುತ್ತಿದ್ದದ್ದನ್ನು ಬರೆದೆ. ತಿಂಗಳ ಆ ದಿನಗಳಲ್ಲಿ ಅತ್ತೆ ನನ್ನನ್ನು ದನಗಳ ಪಕ್ಕ ಮಲಗಿಸುತ್ತಿದ್ದದ್ದನ್ನು ಬರೆದೆ. ತವರು ಬೈರಕೂರಿನಿಂದ ಆಸೆಪಟ್ಟು ತಂದಿದ್ದ ಪುಸ್ತಕಗಳನ್ನು ಅವರು ನೀರೊಲೆಗೆ ಹಾಕಿದ್ದನ್ನು ಬರೆದೆ. ಒಂದು ದಿನ ಹೊಡೆತ ತಡೆಯಲಾರದೆ ಕೂಗಿಕೊಂಡು ಆಚೆ ಓಡಲು ಹೋದಾಗ ಬಾಗಿಲು ತೆರೆಯಲಿಲ್ಲ, ಹೊರಗಿನಿಂದ ಚಿಲಕ ಬಿದ್ದಿತ್ತು. ಯಾರು ಹಾಕಿದ್ದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಬರೆದೆ.

ಕೋಲಾರದ ಸಣ್ಣ ಪ್ರಕಾಶಕಿಯೊಬ್ಬರು ಅದನ್ನು ಅಚ್ಚು ಹಾಕಿದರು. ಓದಿದವರಲ್ಲಿ ಹೆಚ್ಚಿನವರು ಹೆಂಗಸರು. ಮಾಲೂರು, ಮುಳಬಾಗಿಲು, ಚಿಂತಾಮಣಿ, ಎಲ್ಲೆಲ್ಲಿಂದಲೋ ಫೋನ್ ಮಾಡಿ ‘ಅಕ್ಕ, ಇದು ನಮ್ಮ ಮನೆ ಕಥೆ’ ಅಂದರು. ಅವರೇ ಸೇರಿ ಆನ್‌ಲೈನಿನಲ್ಲಿ ಓದುಗರ ಗುಂಪು ಮಾಡಿಕೊಂಡರು. ಸ್ತ್ರೀವಾದಿ ಅನ್ನುವ ಪದ ನನ್ನ ಹೆಸರಿನ ಹಿಂದೆ ಸೇರಿಕೊಂಡದ್ದು ಆ ಗುಂಪಿನಲ್ಲೇ. ನಾನು ಅದನ್ನು ಬೇಡ ಅನ್ನಲಿಲ್ಲ. ನನಗೆ ಅದು ಒಪ್ಪುತ್ತದೆ ಅಂತಲೇ ಅನ್ನಿಸಿತು.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಮೈದುನನ ಹೆಂಡತಿಗೆ ಸೊಂಟದ ಆಪರೇಷನ್ ಆಗಿದ್ದರಿಂದ ನೋಡಿಕೊಳ್ಳುವವರಿರಲಿಲ್ಲ. ನಾನು ಹೋಗಿ ಅವರನ್ನು ಶ್ರೀನಿವಾಸಪುರದ ನನ್ನ ಬಾಡಿಗೆ ಮನೆಗೆ ಕರೆತಂದೆ. ಬೆಳಿಗ್ಗೆ ಅವರನ್ನು ತೊಳೆದು, ಉಣ್ಣಿಸಿ ಅಂಗಡಿಗೆ ಬರುತ್ತಿದ್ದೆ. ಹಲ್ಲಿಲ್ಲದ ಅವರು ಎಡಗೈಯಲ್ಲೇ ಕಬ್ಬಿಣದ ಚಿಕ್ಕ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಆ ಟಕ್ ಟಕ್ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು.

ನಾನೂ ಅತ್ತೆಯೂ ಮಾತಾಡುತ್ತಿದ್ದದ್ದು ತೆಲುಗಿನಲ್ಲೇ. ಒಂದು ಭಾನುವಾರ ಅತ್ತೆ ಕುಟ್ಟುವುದನ್ನು ನಿಲ್ಲಿಸಿ, ತೊದಲುತ್ತ ಕೇಳಿದರು.

“ನಾ ಗುರಿಂಚಿ ಏಮೋ ರಾಸಿನಾವಂಟ. ಚದುವು.”

ನನ್ನ ಬಗ್ಗೆ ಏನೋ ಬರೆದಿದ್ದೀಯಂತೆ, ಓದು ಅಂತ. ನಾನು ಬೇಡ ಅಂದೆ. ಅವರು ಮುಖ ಆಚೆ ತಿರುಗಿಸಿ ಮಜ್ಜಿಗೆ ಕುಡಿಯಲಿಲ್ಲ. ಹಟದ ಹೆಂಗಸು. ಕೊನೆಗೆ ಪುಸ್ತಕ ತೆಗೆದು, ಕನ್ನಡದ ಸಾಲನ್ನು ಕಣ್ಣಲ್ಲಿ ನೋಡಿ ತೆಲುಗಿನಲ್ಲಿ ಹೇಳುತ್ತ ಓದಿದೆ. ಪುಸ್ತಕ ಮುಗಿಯಲು ಹಲವು ಭಾನುವಾರ ಹಿಡಿಯಿತು. ದನಗಳ ಪಕ್ಕ ಮಲಗಿದ್ದು, ನೀರೊಲೆ, ಎಲ್ಲವನ್ನೂ ಕೇಳಿದರು. ಎಲ್ಲೂ ತಡೆಯಲಿಲ್ಲ. ಚಿಲಕದ ಪುಟ ಬಂದಾಗ ಕೈ ಎತ್ತಿದರು.

“ಅದಿ ನೇನೇ ಏಸಿಂದಿ.” ಅದನ್ನು ಹಾಕಿದ್ದು ನಾನೇ. ಊರವರು ಕೂಗು ಕೇಳಿ ಒಳಗೆ ಬರುತ್ತಾರೆ, ಮನೆ ಮಾನ ಹೋಗುತ್ತದೆ ಅಂತ ಹಾಕಿದೆ ಅಂದರು. ಆಮೇಲೆ ಕುಟ್ಟಾಣಿಯನ್ನು ಪಕ್ಕಕ್ಕೆ ಸರಿಸಿ, “ನುವ್ವು ರಾಸಿಂದಂತಾ ನಿಜಮೇ. ಇಂಕಾ ಉಂಡಾದಿ, ರಾಸ್ಕೋ.”

ನೀನು ಬರೆದದ್ದೆಲ್ಲ ನಿಜವೇ. ಇನ್ನೂ ಇದೆ, ಬರೆದುಕೋ.

ಅವರು ಕ್ಷಮಿಸು ಅನ್ನಲಿಲ್ಲ. ನಾನು ಕ್ಷಮಿಸಿದೆ ಅನ್ನಲೂ ಇಲ್ಲ. ಆದರೆ ಆ ಮನೆಯಲ್ಲಿ ನಡೆದದ್ದು ನಡೆದದ್ದೇ ಎಂದು ಆ ಮನೆಯವರೊಬ್ಬರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆ ಭಾನುವಾರಗಳ ಬಗ್ಗೆ ಒಂದು ಅಧ್ಯಾಯ ಬರೆದೆ. ಪುಸ್ತಕದ ಎರಡನೇ ಮುದ್ರಣ ಬರುವುದಿತ್ತು. ಅದರ ಕೊನೆಯಲ್ಲಿ ಸೇರಿಸಲು ಪ್ರಕಾಶಕಿಗೆ ಕಳಿಸಿದೆ. ಅವರು ಓದಿ ಹಾಕೋಣ ಅಂದರು. ಆ ಅಧ್ಯಾಯ ಅಚ್ಚಾಗುವ ಮುಂಚೆ, ಮಾವಿನ ಮಂಡಿಗಳು ತೆರೆಯುವ ಹೊತ್ತಿಗೆ, ಅತ್ತೆ ತೀರಿಕೊಂಡರು.

ಮಣ್ಣು ಊರಿನಲ್ಲಿ ಆಯಿತು. ಮಾರನೇ ದಿನ ಮೈದುನ ಫೋನ್ ಮಾಡಿದ. ಅತ್ತಿಗೆಗೆ ಅವನು ವದಿನಾ ಅನ್ನುವುದು.

“ವದಿನಾ, ಫ್ಲೆಕ್ಸ್ ನೀವೇ ಮಾಡ್ಬಿಡಿ. ಸಾಯಂಕಾಲಕ್ಕೆ ಸರ್ಕಲ್‌ನಲ್ಲಿ ಒಂದು, ಊರ ಬಾಗ್ಲಲ್ಲಿ ಒಂದು. ಎಲ್ರೂ ಕೇಳ್ತಾವ್ರೆ.”

ಸರಿ ಅಂದೆ. ಅಂಗಡಿಯಲ್ಲಿ ಮಂಡಿಗಳ ಕೆಲಸ ರಾಶಿ ಬಿದ್ದಿತ್ತು. ಯಜಮಾನರು “ನೀನು ಮನೆಗೋಗಮ್ಮಾ, ನಾನು ಮಾಡ್ಕೊಡ್ತೀನಿ” ಅಂದರು. ನಾನು ಕೇಳಲಿಲ್ಲ. ಮನೆಯಲ್ಲಿ ಕುಟ್ಟಾಣಿ ಸುಮ್ಮನೆ ಕೂತಿತ್ತು.

ಸಾವಿನ ಫ್ಲೆಕ್ಸ್ ಮಾಡುವುದು ಕೈಗೆ ಅಭ್ಯಾಸವಾದ ಕೆಲಸ. ಜನ ಗುಂಪಿನ ಫೋಟೋ ತರುತ್ತಾರೆ. ಅದರಿಂದ ತಲೆ ಭುಜವನ್ನಷ್ಟೇ ಕತ್ತರಿಸಿ, ಹಿಂದೆ ಮೋಡ ಇಟ್ಟು, ಎರಡು ಕಡೆ ದೀಪ, ಕೆಳಗೆ ಕಮಲ ಇಡುತ್ತೇವೆ. ಅಮ್ಮಂದಿರಿಗೆ ಒಂದು, ಅಪ್ಪಂದಿರಿಗೆ ಒಂದು, ಚಿಕ್ಕ ವಯಸ್ಸಿನವರಿಗೆ ಒಂದು ಅಂತ ಮಾದರಿಗಳು ತಯಾರಿರುತ್ತವೆ. ಸಾಲುಗಳೂ ಅದರಲ್ಲೇ ಇರುತ್ತವೆ. ಹೆಸರು ಬದಲಾಯಿಸಿದರೆ ಮುಗಿಯಿತು.

ನಾನು ಅಮ್ಮಂದಿರ ಮಾದರಿ ತೆಗೆದೆ. ಅತ್ತೆಯ ಒಳ್ಳೆಯ ಫೋಟೋ ಇದ್ದದ್ದು ಮೈದುನನ ಮಗಳ ಮದುವೆಯಲ್ಲಿ ತೆಗೆದದ್ದೊಂದೇ. ಅದರಲ್ಲಿ ಪಕ್ಕದವರ ಸೆರಗು ಅವರ ಕಿವಿಯ ಮೇಲೆ ಬಂದಿತ್ತು. ಕಿವಿಯನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಬಿಡಿಸಿದೆ. ಸಾಮಾನ್ಯವಾಗಿ ನಾವು ಸುಕ್ಕುಗಳನ್ನು ನಯ ಮಾಡುತ್ತೇವೆ, ಗಿರಾಕಿಗಳಿಗೆ ಅದು ಇಷ್ಟ. ನಾನು ಮಾಡಲಿಲ್ಲ. ಮೂಗುಬೊಟ್ಟಿನ ಹತ್ತಿರದ ಮಚ್ಚೆ, ಎಲೆ ಅಡಿಕೆ ಹಾಕಿ ಕೆಂಪಾದ ತುಟಿಯ ಅಂಚು, ಎಲ್ಲವನ್ನೂ ಇದ್ದ ಹಾಗೇ ಉಳಿಸಿದೆ. ಆ ಮುಖದ ಮೇಲೇ ಮಧ್ಯಾಹ್ನವೆಲ್ಲ ಹೋಯಿತು. ಕೆಳಗೆ ಮಕ್ಕಳು, ಸೊಸೆಯರ ಹೆಸರು ಟೈಪ್ ಮಾಡಿದೆ. ನನ್ನದು ಮೊದಲು, ಹಿರಿಯ ಸೊಸೆ ಅಲ್ಲವೇ.

“ಅಕ್ಷರ ನೋಡ್ಕೊಂಡ್ಯೇನಮ್ಮಾ?” ಯಜಮಾನರು ಮಂಡಿಯವರ ಜೊತೆ ಮಾತಾಡುತ್ತಲೇ ಕೇಳಿದರು.

“ಹೂಂ, ಅಣ್ಣ.”

ಗಿರಾಕಿಯೂ ನಾನೇ, ಮಾಡಿದವಳೂ ನಾನೇ. ಗಟ್ಟಿಯಾಗಿ ಓದು ಅಂತ ಹೇಳುವವರು ಯಾರೂ ಇರಲಿಲ್ಲ. ಪ್ರಿಂಟಾಯಿತು, ಮೂಲೆಗೆ ಉಂಗುರ ಒತ್ತಿ, ಮರದ ಚೌಕಟ್ಟಿಗೆ ಹೊಡೆದು ಕಟ್ಟಿದರು. ಮಾದರಿಯಲ್ಲಿದ್ದ ಸಾಲುಗಳು ಹಾಗೇ ಅತ್ತೆಯ ಮುಖದ ಕೆಳಗೆ ಹೋದವು: ‘ಮಮತಾಮಯಿ, ತ್ಯಾಗಮಯಿ, ಸೊಸೆಯಂದಿರನ್ನು ಮಗಳಂತೆ ಕಂಡ ಮಾತೃಹೃದಯಿ.’ ಅದರ ಕೆಳಗೆ ದುಃಖತಪ್ತರ ಸಾಲಿನಲ್ಲಿ ನನ್ನ ಹೆಸರು.

ಅದನ್ನು ನೋಡಿದವಳು ಮಾಲೂರಿನ ಒಬ್ಬ ಓದುಗಿ. ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಓದುಗರ ಗುಂಪು ಶುರು ಮಾಡಿದವರಲ್ಲಿ ಅವಳೇ ಮೊದಲು. ಯಾರದೋ ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಫೋಟೋ ತೆಗೆದು, ಪಕ್ಕದಲ್ಲಿ ಪುಸ್ತಕದ ನೀರೊಲೆಯ ಪುಟ ಇಟ್ಟು ಆನ್‌ಲೈನಿನಲ್ಲಿ ಹಾಕಿದಳು. ‘ಈ ಪುಟ ಓದಿ ಅತ್ತವರೆಲ್ಲ ಆ ಫ್ಲೆಕ್ಸನ್ನೂ ಓದಿ’ ಅಂತ ಮಾತ್ರ ಬರೆದಿದ್ದಳು.

ನಾನು ಫೋನ್ ನೋಡುವ ಹೊತ್ತಿಗೆ ಕಾಮೆಂಟುಗಳು ಸುರಿದಿದ್ದವು. ‘ಪುಸ್ತಕ ಸುಳ್ಳಾ, ಫ್ಲೆಕ್ಸ್ ಸುಳ್ಳಾ? ಒಂದನ್ನ ಹೇಳಿ ಅಕ್ಕ.’ ‘ನಮ್ಮ ಕಣ್ಣೀರು ಮಾರ್ಕೊಂಡ್ರಾ?’ ‘ತೋಟದಲ್ಲಿ ಪಾಲು ಬಂತಾ ಮೇಡಂ?’ ಯಾರೋ ಫ್ಲೆಕ್ಸ್ ಸೊಸೆ ಅಂದರು, ಆ ಹೆಸರೇ ಓಡಿತು. ಬೈದವರಲ್ಲಿ ನನಗೆ ಮುಖ ಗೊತ್ತಿಲ್ಲದವರು ಕಡಿಮೆ. ನನ್ನ ಜೊತೆ ಕೂತು ಊಟ ಮಾಡಿದವರು, ನನ್ನ ಕೈ ಹಿಡಿದು ಅತ್ತವರು ಇದ್ದರು.

ಇನ್ನೊಂದು ಬಗೆಯವರೂ ಬಂದರು. ಪುಸ್ತಕ ಬಂದಾಗ ನನ್ನನ್ನು ಹೀನಾಯವಾಗಿ ಬರೆದಿದ್ದ ಗಂಡಸರು ಈಗ ಕೈಮುಗಿಯುವ ಚಿತ್ರ ಹಾಕಿ, ‘ಕೊನೆಗೂ ಬುದ್ಧಿ ಬಂತು. ಹೆಣ್ಣು ಅಂದರೆ ಹೀಗಿರಬೇಕು’ ಅಂದರು. ಬೈಗುಳಕ್ಕಿಂತ ಆ ಹೊಗಳಿಕೆ ಓದುವುದೇ ಕಷ್ಟವಾಯಿತು.

ನಾನು ಅವಸರದಲ್ಲಿ ಒಂದು ಉತ್ತರ ಹಾಕಿದೆ. ‘ಅದು ಅಂಗಡಿಯ ಟೆಂಪ್ಲೇಟ್. ಸಾಲು ಬದಲಾಯಿಸಲು ಮರೆತೆ.’ ಅಷ್ಟೇ. ಹಾಕಬಾರದಿತ್ತು. ಮಾಲೂರಿನವಳೇ ಕೆಳಗೆ ಬರೆದಳು: ‘ಹಾಗಾದ್ರೆ ದುಃಖವೂ ಟೆಂಪ್ಲೇಟಾ ಮೇಡಂ?’

ಅಕ್ಕ ಹೋಗಿ ಮೇಡಂ ಆಗಿತ್ತು. ಆ ಪ್ರಶ್ನೆಗೆ ನಾನು ಹತ್ತಾರು ಉತ್ತರ ಟೈಪ್ ಮಾಡಿ ಅಳಿಸಿದೆ. ಅತ್ತೆಗಾಗಿ ನಾನು ಆವರೆಗೆ ಅತ್ತೂ ಇರಲಿಲ್ಲ.

ಮುಳಬಾಗಿಲಿನಲ್ಲಿ ಹೆಂಗಸರ ಸಂಘದವರು ಪುಸ್ತಕದ ಓದು ಇಟ್ಟುಕೊಂಡಿದ್ದರು. ಸದ್ಯಕ್ಕೆ ಬೇಡ ಎಂದು ಸಂದೇಶ ಕಳಿಸಿದರು. ಆಮೇಲೆ ಪ್ರಕಾಶಕಿಯ ಫೋನ್ ಬಂತು.

“ನೋಡಿ, ನಾನು ನಿಮ್ಮ ಪರ. ಆದ್ರೆ ಓದುಗರು ಎರಡನೇ ಮುದ್ರಣ ಕೊಳ್ಳಬೇಡಿ ಅಂತಿದ್ದಾರೆ. ಫ್ಲೆಕ್ಸ್ ಮಾಡ್ಸಿದ್ದು ಮೈದುನ, ನನಗೆ ಗೊತ್ತೇ ಇರ್ಲಿಲ್ಲ ಅಂತ ಒಂದು ಪೋಸ್ಟ್ ಹಾಕ್ಬಿಡಿ. ಕೊನೇ ಅಧ್ಯಾಯ ಈ ಸಲ ಬಿಡೋಣ. ಅದು ಈಗ ಬಂದ್ರೆ ನೀವು ನಿಜವಾಗ್ಲೂ ಪಕ್ಷ ಬದಲಾಯಿಸಿದ್ರಿ ಅಂತ್ಲೇ ಆಗುತ್ತೆ.”

“ಫ್ಲೆಕ್ಸ್ ಮಾಡಿದ್ದು ನಾನೇ ಮೇಡಂ.”

“ಅದು ನನಗೂ ಗೊತ್ತು. ಎರಡು ದಿನದಲ್ಲಿ ಹೇಳಿ. ಪುಟಗಳು ಪ್ರೆಸ್ಸಿಗೆ ಹೋಗ್ಬೇಕು.”

ಯಜಮಾನರು ಮಾತೆಲ್ಲ ಕೇಳಿಸಿಕೊಂಡಿದ್ದರು. “ಬಿಚ್ಚಿಸಿಬಿಡ್ಲಾ ಆ ಫ್ಲೆಕ್ಸನ್ನ?” ಅಂದರು. ನಾನೇ ಹೋಗುತ್ತೇನೆ ಅಂದೆ.

ಸರ್ಕಲ್ಲಿನಲ್ಲಿ ಮಾವಿನ ಲಾರಿಗಳು ಸಾಲಾಗಿ ನಿಂತಿದ್ದವು. ಅತ್ತೆ ಒಬ್ಬ ಮಂಡಿ ಮಾಲೀಕನ ಹುಟ್ಟುಹಬ್ಬದ ಫ್ಲೆಕ್ಸಿಗೂ ಟ್ಯೂಷನ್ ಸೆಂಟರಿನ ಫ್ಲೆಕ್ಸಿಗೂ ನಡುವೆ ಇದ್ದರು. ನಾನು ಕೆಳಗೆ ನಿಂತು, ಅಂಗಡಿಯಲ್ಲಿ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಗಟ್ಟಿಯಾಗಿ ಓದಿದೆ. ‘ಸೊಸೆಯಂದಿರನ್ನು ಮಗಳಂತೆ ಕಂಡ’ ಅನ್ನುವಲ್ಲಿ ನನಗೆ ನಗು ಬಂತು. ಹೂವು ಮಾರುತ್ತಿದ್ದಾಕೆ ತಲೆ ಎತ್ತಿ ನೋಡಿದರು.

“ಏನಮ್ಮಾ, ಸತ್ತೋರ ಫೋಟೋ ನೋಡ್ಕೊಂಡು ನಗ್ತೀಯ?”

“ನಮ್ಮತ್ತೆ. ಇದನ್ನ ಕೇಳಿದ್ದಿದ್ರೆ ಅವರೂ ನಗ್ತಿದ್ರು.”

ಹೇಳಿದ ಮೇಲೆ ಅದು ನಿಜ ಅಂತ ಗೊತ್ತಾಯಿತು. ಪುಸ್ತಕ ಕೇಳಿ ನಿಜವೇ ಅಂದ ಬಾಯಿ ಅದು. ಈ ಫ್ಲೆಕ್ಸ್ ಓದಿ ಹೇಳಿದ್ದರೆ ಸುಳ್ಳು ಅಂತ ಉಗಿಯುತ್ತಿದ್ದರು. ಮೋಸವಾಯಿತು ಅಂತ ನನ್ನ ಓದುಗರು ಬೈಯುತ್ತಿದ್ದರು, ಸರಿಯೇ. ಆದರೆ ಮೊದಲು ಮೋಸ ಆದದ್ದು ಅತ್ತೆಗೆ. ಬದುಕಿನ ಕೊನೆಗೆ ಅವರು ಒಂದು ಕಷ್ಟದ ಮಾತು ಹೇಳಿದ್ದರು. ಅದನ್ನು ತೆಗೆದು ನಾನು ಅವರ ಬಾಯಿಗೆ ಕಮಲ, ದೀಪ ಇಟ್ಟಿದ್ದೆ. ಈಗ ಪ್ರಕಾಶಕಿ ಹೇಳಿದಂತೆ ಅಧ್ಯಾಯವನ್ನೂ ತೆಗೆದರೆ ಅವರು ಹೇಳಿದ್ದು ಎಲ್ಲೂ ಉಳಿಯುವುದಿಲ್ಲ. ಅದನ್ನು ಕೇಳಿಸಿಕೊಂಡವಳು ನಾನೊಬ್ಬಳೇ.

ಫ್ಲೆಕ್ಸ್ ಬಿಚ್ಚಿಸಲಿಲ್ಲ. ಅಂಗಡಿಗೆ ವಾಪಸ್ ಬಂದು ಪ್ರಕಾಶಕಿಗೆ ಫೋನ್ ಮಾಡಿದೆ. “ಪೋಸ್ಟ್ ಹಾಕಲ್ಲ. ಅಧ್ಯಾಯ ತೆಗೆಯಲ್ಲ. ತಿಥಿಯವರೆಗೂ ಕಾಯಿರಿ. ನಾನು ಇನ್ನೊಂದು ಫ್ಲೆಕ್ಸ್ ಮಾಡ್ತೀನಿ.” “ಪ್ರೆಸ್ಸಿನವರಿಗೆ ಏನು ಹೇಳ್ಲಿ?” ಅಂತ ಕೇಳಿದರು ಅವರು. ಮಾವಿನ ಸೀಸನ್ನು, ಕರೆಂಟಿಲ್ಲ ಅಂತ ಏನಾದರೂ ಹೇಳಿ ಅಂದೆ. ಅವರು ನಕ್ಕರು, ಅದೇ ಒಪ್ಪಿಗೆ ಅಂದುಕೊಂಡೆ.

ಹೊಸದನ್ನು ಖಾಲಿ ಹಾಳೆಯಿಂದ ಶುರು ಮಾಡಿದೆ. ಮೋಡವಿಲ್ಲ, ದೀಪವಿಲ್ಲ. ಎಡಕ್ಕೆ ಅದೇ ಮುಖ, ದೊಡ್ಡದಾಗಿ. ಬಲಕ್ಕೆ ಅಕ್ಷರ. ರಸ್ತೆಯ ಆಚೆಯಿಂದ, ಓಡುವ ಬಸ್ಸಿನಿಂದ ಓದಬೇಕಾದರೆ ಮಾತು ಕಡಿಮೆ ಇರಬೇಕು. ಪುಸ್ತಕ ಬರೆಯುವಾಗ ನನಗೆ ಪುಟಗಳಿದ್ದವು, ಇಲ್ಲಿ ಆರಡಿ ಅಗಲ. ಮೊದಲು ಬರೆದದ್ದು ದೂರಿನಂತಿತ್ತು. ಎರಡನೆಯದು ಸಮಜಾಯಿಷಿಯಂತಿತ್ತು. ‘ಆದರೂ’ ಅನ್ನುವ ಪದ ಎಲ್ಲಿ ಬಂದರೂ ಸಾಲು ಕೆಡುತ್ತಿತ್ತು. ಆ ಪದ ಬಂದ ಕೂಡಲೇ ಹಿಂದಿನದೆಲ್ಲ ಮನ್ನಾ ಆದ ಹಾಗೆ ಕೇಳುತ್ತಿತ್ತು. ಅದನ್ನು ತೆಗೆದು, ವಾಕ್ಯಗಳನ್ನು ಒಂದರ ಪಕ್ಕ ಒಂದು ಸುಮ್ಮನೆ ನಿಲ್ಲಿಸಿದ ಮೇಲೆ ಸರಿಯಾಯಿತು. ನನ್ನ ಹೆಸರನ್ನು ಮಾತ್ರ ಹಾಕಲಿಲ್ಲ. ಕೆಳಗೆ ‘ಸೊಸೆ’ ಅಂತ ಬರೆದು ಬಿಟ್ಟೆ. ಹೆಸರಿಗೆ ಬಿದ್ದ ಬೈಗುಳ ಸಾಕಾಗಿತ್ತು ನನಗೆ.

ಕಾಗದದ ಮೇಲೆ ಪ್ರಿಂಟ್ ತೆಗೆದುಕೊಂಡು ಗೌನಿಪಲ್ಲಿ ಬಸ್ ಹತ್ತಿದೆ. ಮೈದುನ ತೋಟದಲ್ಲಿ ಕ್ರೇಟುಗಳಿಗೆ ಕಾಯಿ ತುಂಬುತ್ತಿದ್ದ. ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡು ಓದಿದ. ಮತ್ತೆ ಓದಿದ.

“ವದಿನಾ, ಇದನ್ನ ಊರ ಬಾಗ್ಲಲ್ಲಿ ಕಟ್ಟಿದ್ರೆ ನಾಳೆ ನಾನು ಡೈರಿಗೆ ಹಾಲು ಹಾಕಕ್ಕೆ ಹೆಂಗೋಗ್ಲಿ? ಕ್ಯಾನ್ ಹಿಡ್ಕೊಂಡು ಲೈನಲ್ಲಿ ನಿಂತ್ರೆ ಎಲ್ರೂ ನನ್ನ ಮುಖಾನೇ ನೋಡ್ತಾರೆ.”

“ಬೇಡ ಅಂದ್ರೆ ಊರಲ್ಲಿ ಕಟ್ಟಲ್ಲ. ಸರ್ಕಲ್‌ನಲ್ಲಿ ಕಟ್ತೀನಿ.”

“ಪುಸ್ತಕ ಸುಟ್ಟಿದ್ದು ಹಾಕ್ಕೊಳ್ಳಿ, ಅದು ಎಲ್ರಿಗೂ ಗೊತ್ತು. ಈ ಚಿಲಕ...” ಅವನು ನಿಲ್ಲಿಸಿದ. “ಚಿಲಕ ಅಮ್ಮಾನೇ ಹಾಕಿದ್ದು ಅಂತ ಯಾರು ಹೇಳಿದ್ರು ನಿಮಗೆ?”

“ಅಮ್ಮಾನೇ. ಬರ್ಕೋ ಅಂದ್ರು.”

ಅವನು ಕ್ರೇಟಿನ ಅಂಚಿನ ಮೇಲೆ ಕೂತ. ಮರದ ಮೇಲೆ ಕಾಯಿ ಕೀಳುತ್ತಿದ್ದವನು “ಅಣ್ಣೋ, ಬುಟ್ಟಿ!” ಅಂತ ಕೂಗಿದರೂ ಇವನು ಏಳಲಿಲ್ಲ.

“ಇಲ್ಲಿ ಒಂದು ಸಾಲಿದೆಯಲ್ಲ ವದಿನಾ. ನಿಜ ಅಂತ ಹೇಳಿದೋರು ಆ ಮನೇಲಿ ಇವರೊಬ್ಬರೇ ಅಂತ.”

“ಹೌದು.”

“ಆವತ್ತು ನಾನೂ ಮನೇಲಿದ್ದೆ. ಕೂಗು ಕೇಳಿಸ್ತು. ಅಮ್ಮ ಚಿಲಕ ಹಾಕಿದ್ದನ್ನೂ ನೋಡಿದ್ದೆ.” ಅವನು ನನ್ನ ಕಡೆ ನೋಡಲಿಲ್ಲ. “ಈಗ ಹೇಳ್ತಿದ್ದೀನಿ. ನಿಜ.”

ನಾನು ಅವನ ಜೇಬಿನಿಂದ ಪೆನ್ನು ತೆಗೆದುಕೊಂಡು ‘ಇವರೊಬ್ಬರೇ’ ಅನ್ನುವುದನ್ನು ಹೊಡೆದುಹಾಕಿ, ಸಾಲನ್ನು ಬದಲಾಯಿಸಿ ಬರೆದೆ. ‘ಆ ಮನೆಯಲ್ಲಿ ಹಾಗೆ ಮೊದಲು ಹೇಳಿದವರು ಇವರು.’ ಹಾಳೆಯನ್ನು ಅವನಿಗೆ ತೋರಿಸಿದೆ.

“ಊರ ಬಾಗ್ಲಲ್ಲೂ ಕಟ್ಟಿ,” ಅಂದ. “ಹಗ್ಗ ನಾನೇ ಕಟ್ತೀನಿ.” ಎದ್ದು ಹೋಗಿ ಬುಟ್ಟಿ ಕೊಟ್ಟ.

ಬಸ್ಸಿನಲ್ಲಿ ವಾಪಸ್ ಬರುವಾಗಲೇ ನಾನು ಮಾಲೂರಿನವಳಿಗೆ ಸಂದೇಶ ಕಳಿಸಿದ್ದು. ಗುಂಪಿನಲ್ಲಿ ಅಲ್ಲ, ಅವಳೊಬ್ಬಳಿಗೇ. ‘ಹೊಸ ಫ್ಲೆಕ್ಸ್ ಮಾಡಿದ್ದೀನಿ. ಯಾರಾದರೂ ಗಟ್ಟಿಯಾಗಿ ಓದದೆ ನಮ್ಮ ಅಂಗಡಿಯಲ್ಲಿ ಪ್ರಿಂಟ್ ಹಾಕಲ್ಲ. ಹೋದ ಸಲ ಯಾರೂ ಓದಲಿಲ್ಲ, ಅದಕ್ಕೇ ಹಾಗಾಯಿತು. ಈ ಸಲ ನೀವು ಬಂದು ಓದುತ್ತೀರಾ? ತಪ್ಪಿದ್ದರೆ ಅಲ್ಲೇ ಹೇಳಿ.’ ಅವಳು ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅವಳು ಬಂದಳು. ಶಿಫ್ಟ್ ಮುಗಿಸಿ, ಕೋಲಾರದಲ್ಲಿ ಬಸ್ ಬದಲಾಯಿಸಿ, ಕುತ್ತಿಗೆಯಲ್ಲಿ ಫ್ಯಾಕ್ಟರಿಯ ಕಾರ್ಡ್ ಹಾಗೇ ಇತ್ತು. ಬಾಗಿಲಲ್ಲೇ ನಿಂತಳು. ಯಜಮಾನರು ಕುರ್ಚಿ ಎಳೆದರು.

“ಏನಮ್ಮಾ, ಬೈಯೋಕೆ ಇಷ್ಟು ದೂರ ಬಂದ್ರಾ? ಫೋನಲ್ಲೇ ಚೆನ್ನಾಗಿ ಬೈತಿದ್ರಲ್ಲ.”

ಅವಳು ಕೂರಲಿಲ್ಲ. ನನ್ನನ್ನೇ ನೋಡಿದಳು. “ಮೇಡಂ, ನಿಮ್ಮ ಪುಸ್ತಕ ಬ್ಯಾಗಲ್ಲಿಟ್ಕೊಂಡು ನಾನು ಗಂಡನ ಮನೆಯಿಂದ ಆಚೆ ಬಂದಿದ್ದು. ವಾಪಸ್ ಹೋಗು ಅಂತ ಅಮ್ಮ ಈಗ್ಲೂ ದಿನಾ ಅಳ್ತಾಳೆ. ನೀವೇ ವಾಪಸ್ ಹೋಗ್ಬಿಟ್ರೆ ನಾನೆಲ್ಲಿ ನಿಂತ್ಕೊಳ್ಲಿ, ಹೇಳಿ?”

ಅವಳ ಪೋಸ್ಟಿನ ಹಿಂದೆ ಇದ್ದದ್ದು ಇದು. “ನಾನು ವಾಪಸ್ ಹೋಗಿಲ್ಲ. ಅತ್ತೇನೇ ಈ ಕಡೆ ಬಂದ್ರು,” ಅಂದೆ. “ಓದಿ.”

ಅವಳು ಓದಲು ಶುರು ಮಾಡಿದಳು. ದನಿ ಗಡುಸಾಗಿತ್ತು.

“‘ಇವರು ನನ್ನ ಅತ್ತೆ. ನನ್ನ ಪುಸ್ತಕಗಳನ್ನು ಒಲೆಗೆ ಹಾಕಿದರು. ನಾನು ಕೂಗಿಕೊಂಡಾಗ ಹೊರಗಿನಿಂದ ಚಿಲಕ ಹಾಕಿದರು.’ ...ಚಿಲಕ ಯಾರು ಹಾಕಿದ್ದೋ ಗೊತ್ತಿಲ್ಲ ಅಂತಲ್ವಾ ಪುಸ್ತಕದಲ್ಲಿ ಇರೋದು?”

“ನಾನು ಅವರಿಗೆ ಓದಿ ಹೇಳ್ದೆ. ಅವರೇ ಹೇಳಿದ್ರು, ನಾನೇ ಹಾಕಿದ್ದು ಅಂತ.”

“ಅವರೇ?”

“ಮಧ್ಯದಲ್ಲಿ ನಿಲ್ಲಿಸಿದ್ರೆ ಲೆಕ್ಕಕ್ಕಿಲ್ಲಮ್ಮಾ,” ಯಜಮಾನರು ಹಿಂದಿನಿಂದ ಅಂದರು. “ಮೊದಲಿಂದ ಓದ್ಬೇಕು. ರೂಲ್ಸು.”

ಅವಳು ಪರದೆಯ ಮೇಲಿನ ಮುಖವನ್ನು ನೋಡಿದಳು. ಮತ್ತೆ ಶುರು ಮಾಡಿದಳು. ಈ ಸಲ ನಿಧಾನವಾಗಿ.

“‘ಇವರು ನನ್ನ ಅತ್ತೆ. ನನ್ನ ಪುಸ್ತಕಗಳನ್ನು ಒಲೆಗೆ ಹಾಕಿದರು. ನಾನು ಕೂಗಿಕೊಂಡಾಗ ಹೊರಗಿನಿಂದ ಚಿಲಕ ಹಾಕಿದರು. ಕೊನೆಗಾಲದಲ್ಲಿ, ನಾನು ಬರೆದದ್ದನ್ನೆಲ್ಲ ಕೇಳಿ, ನಿಜ ಎಂದರು. ಆ ಮನೆಯಲ್ಲಿ ಹಾಗೆ ಮೊದಲು ಹೇಳಿದವರು ಇವರು. ನಾನು ಕ್ಷಮಿಸಿಲ್ಲ. ನನಗೆ ದುಃಖವಾಗಿದೆ. ಸೊಸೆ.’”

ಅಂಗಡಿಯಲ್ಲಿ ಬ್ಯಾನರಿಗೆ ಕಾಯುತ್ತಿದ್ದ ಮಂಡಿಯವನೂ ಪರದೆಯ ಕಡೆ ಬಗ್ಗಿ ನೋಡಿದ. ಅವಳು ಕೆಳಗಿನ ಸಾಲನ್ನು ಬೆರಳಿನಲ್ಲಿ ಮುಟ್ಟಿದಳು.

“ತಪ್ಪಿದೆ.”

“ಎಲ್ಲಿ?”

“ಬರೀ ಸೊಸೆ ಅಂತಿದೆ. ಸುಳ್ಳು ಫ್ಲೆಕ್ಸಲ್ಲಿ ನಿಮ್ಮ ಹೆಸರಿತ್ತು. ಇದ್ರಲ್ಲಿ ಯಾಕಿಲ್ಲ? ಹಾಕಿ ಅಕ್ಕ. ದೊಡ್ಡದಾಗಿ ಹಾಕಿ.”

ನಾನು ಟೈಪ್ ಮಾಡಿದೆ. ಅವಳು ಅದನ್ನೂ ಗಟ್ಟಿಯಾಗಿ ಓದಿದಳು. ಯಜಮಾನರು ಮಷೀನ್ ಹಾಕಿದರು. ಇಂಕಿನ ಘಾಟು, ಆಚೆ ಈಚೆ ಓಡುವ ಮಷೀನಿನ ತಲೆ, ಒಂದೊಂದು ಗೆರೆಯಾಗಿ ಇಳಿದು ಬರುವ ಚಿತ್ರ. ಮೊದಲು ಹಣೆ ಬಂತು, ಆಮೇಲೆ ಕಣ್ಣು, ಆಮೇಲೆ ಮೂಗುಬೊಟ್ಟು, ಮಚ್ಚೆ. ಕೆಂಪಾದ ತುಟಿ ಬರುವಷ್ಟರಲ್ಲಿ ನನಗೆ ಬೆಳಿಗ್ಗೆ ಆ ಕುಟ್ಟಾಣಿಯ ಸದ್ದಿಲ್ಲದೆ ಎದ್ದದ್ದು ನೆನಪಾಯಿತು. ಅತ್ತೆ ಹೋದ ಮೇಲೆ ನಾನು ಅತ್ತದ್ದು ಆಗ. ಇಂಕು ಆರುವವರೆಗೆ ಮಾಲೂರಿನವಳು ಫ್ಲೆಕ್ಸಿನ ಆಚೆ ತುದಿಯನ್ನು ಹಿಡಿದುಕೊಂಡು ನಿಂತಿದ್ದಳು.

ತಿಥಿಯ ಬೆಳಿಗ್ಗೆ ಮೈದುನ ಸರ್ಕಲ್ಲಿನಲ್ಲೂ ಊರ ಬಾಗಿಲಲ್ಲೂ ಹಗ್ಗ ಬಿಗಿದ. ಮಾಲೂರಿನವಳು ಹಳೆಯ ಪೋಸ್ಟ್ ಅಳಿಸಲಿಲ್ಲ. ಅದರ ಕೆಳಗೇ ಹೊಸ ಫ್ಲೆಕ್ಸಿನ ಫೋಟೋ ಹಾಕಿ, ‘ಇದನ್ನು ನಾನೇ ಓದಿ ಪ್ರಿಂಟ್ ಹಾಕಿಸಿದ್ದು’ ಅಂತ ಬರೆದಳು. ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮೊದಲನೆಯದು ಹೋದಲ್ಲೆಲ್ಲ ಇದೂ ಹೋಯಿತು, ಅಲ್ಲಿಂದ ಆಚೆಗೂ ಹೋಯಿತು. ಕೋಪದಲ್ಲಿ ಗುಂಪು ಬಿಟ್ಟಿದ್ದವರು ಒಬ್ಬೊಬ್ಬರಾಗಿ ವಾಪಸ್ ಬಂದರು. ಬಂದವರು ನನ್ನ ಬಗ್ಗೆ ಬರೆಯಲಿಲ್ಲ, ತಮ್ಮ ಮನೆಯ ಸತ್ತವರ ಬಗ್ಗೆ ಬರೆದರು. ‘ನಮ್ಮಪ್ಪ ಕುಡಿದು ಅಮ್ಮನ ಕೈ ಮುರಿದ. ಅವನು ಹೋದಾಗ ನಾನು ಅತ್ತುಬಿಟ್ಟೆ. ಯಾಕೆ ಅಂತ ಯಾರಿಗೂ ಹೇಳೋಕಾಗಿರಲಿಲ್ಲ.’ ಅಂಥವು. ಕೆಲವರಿಗೆ ಕೋಪ ಇಳಿಯಲೇ ಇಲ್ಲ. ದುಃಖದ ಸಾಲು ಬೇಡವಾಗಿತ್ತು ಅಂದರು. ಅವರ ಜೊತೆ ಈಗಲೂ ಜಗಳ ನಡೆಯುತ್ತಿದೆ, ಆದರೆ ಅದು ಮನೆಯವರ ಜಗಳ. ಕೈಮುಗಿದು ಹೊಗಳಿದ್ದ ಗಂಡಸರು ಮಾತ್ರ ಮತ್ತೆ ಹಳೆಯ ಬೈಗುಳಕ್ಕೆ ತಿರುಗಿದರು. ಅದನ್ನು ನೋಡಿ ನನಗೆ ನಿಜವಾಗಿ ಸಮಾಧಾನವಾಯಿತು.

“ಡೈರಿ ಹತ್ರ ಏನಂದ್ರು?” ಅಂತ ಮೈದುನನನ್ನು ಕೇಳಿದೆ.

“ಗಂಡಸ್ರು ಯಾರೂ ಬಾಯಿ ಬಿಡ್ಲಿಲ್ಲ ವದಿನಾ. ಹಾಲು ಹಾಕಕ್ಕೆ ಬರೋ ಹೆಂಗಸ್ರು ನಿಂತ್ಕೊಂಡು ಓದ್ತಾವ್ರೆ. ಓದಕ್ಕೆ ಬರ್ದೇ ಇರೋರು ನನ್ನ ಕೈಲೇ ಓದಿಸ್ತಾವ್ರೆ. ನನಗೆ ಬಾಯಿಪಾಠ ಆಗೋಯ್ತು.”

ಮೊದಲನೇ ಫ್ಲೆಕ್ಸನ್ನು ಅವನು ಬಿಚ್ಚಿ ತಂದು ಹುಲ್ಲಿನ ಮೆದೆಗೆ ಹೊದಿಸಿದ್ದಾನೆ. ಎರಡನೆಯದು ಈಗ ಅವನ ಮನೆಯ ನಡುಮನೆಯ ಗೋಡೆಯಲ್ಲಿದೆ, ಆ ಚಿಲಕದ ಬಾಗಿಲಿಗೆ ಎದುರಾಗಿ.

ಅಂಗಡಿಗೆ ಈಗ ಸಾವಿನ ಫ್ಲೆಕ್ಸಿಗೆ ಬರುವ ಹೆಂಗಸರಲ್ಲಿ ಕೆಲವರು ಮಾದರಿ ತೋರಿಸಿದರೆ, “ಆ ಸಾಲು ತೆಗೀರಿ, ನಾನು ಹೇಳ್ತೀನಿ, ಬರ್ಕೊಳ್ಳಿ” ಅನ್ನುತ್ತಾರೆ. ಯಜಮಾನರು ತಲೆ ಚಚ್ಚಿಕೊಳ್ಳುತ್ತಾರೆ. “ಒಂದು ಫ್ಲೆಕ್ಸಿಗೆ ಅರ್ಧ ದಿನ ಹಿಡೀತಾಳೆ ಈಯಮ್ಮ, ಅಂಗಡಿ ಮುಚ್ಚಿಸ್ತಾಳೆ” ಅಂತ ಗಿರಾಕಿಗಳ ಮುಂದೆ ಗೊಣಗುತ್ತಾರೆ. ಅಪ್ಪಂದಿರ ಮಾದರಿ, ಅಮ್ಮಂದಿರ ಮಾದರಿ ಎರಡರಿಂದಲೂ ಸಾಲುಗಳನ್ನು ತೆಗೆದು ಜಾಗ ಖಾಲಿ ಬಿಟ್ಟವರು ಅವರೇ.

ಎರಡನೇ ಮುದ್ರಣ ಕೊನೆಯ ಅಧ್ಯಾಯದ ಸಮೇತ ಬಂತು. ಮುಳಬಾಗಿಲಿನ ಸಂಘದವರು ಮತ್ತೆ ಕರೆದರು. ಹಾಲ್ ಸಾಲದೆ ಮೆಟ್ಟಿಲ ಮೇಲೂ ಕೂತಿದ್ದರು. ಮಾಲೂರಿನವಳು ಅವಳಮ್ಮನನ್ನು ಕರೆದುಕೊಂಡು ಬಂದಿದ್ದಳು. ಬೈದವರೂ ಬಂದಿದ್ದರು, ಮುಂದಿನ ಸಾಲಿನಲ್ಲೇ. ನಾನು ಆ ಭಾನುವಾರಗಳ ಅಧ್ಯಾಯ ಓದಿದೆ. ಚಿಲಕದವರೆಗೂ ಓದಿ, ಅತ್ತೆ ಕೈ ಎತ್ತಿದ್ದನ್ನು ಓದಿ, ನೀರು ಕುಡಿಯಲು ನಿಲ್ಲಿಸಿದೆ.

ಗೋಡೆಯ ಪಕ್ಕ ಒಬ್ಬ ಮುದುಕಿ ಕೂತಿದ್ದರು. ಯಾರ ಅತ್ತೆಯೋ, ಯಾರ ಅಮ್ಮನೋ ನನಗೆ ಗೊತ್ತಿಲ್ಲ. ಕಾಲು ಚಾಚಿಕೊಂಡು, ಮುಗಿಯಿತೇನೋ ಅಂದುಕೊಂಡು, ಇನ್ನೂ ಇದೆಯಾ ಅಂತ ತೆಲುಗಿನಲ್ಲಿ ಕೇಳಿದರು.

“ಇಂಕಾ ಉಂಡಾದಾ ಅಮ್ಮಾ?”

“ಉಂಡಾದವ್ವಾ,” ಅಂದೆ. ಪುಟ ತಿರುಗಿಸಿದೆ.